ಕೆಂಪು ಹಿಡಿಯ ಪಕ್ಕಡ

ಚನ್ನಬಸಪ್ಪ ಕಾಕಾ, ರಿಯಾಜನ ತಂತಿ ತಿರುವುವ ಪಕ್ಕಡಕ್ಕೆ ಆ ಸುಳ್ಳು ಹಿಡಿ ತೊಡಿಸಿದವನು ನಾನು. ನೀವಲ್ಲ. ನಿಮ್ಮ ಅಂಗಡಿಗೂ ಅದಕ್ಕೂ ಎಳ್ಳಷ್ಟೂ ಸಂಬಂಧ ಇರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು — ಗೊತ್ತಿದ್ದೇ ಹಳಿಯಾಳದ ಪೇಟೆಯಲ್ಲಿ, ಸಂತೆಯ ದಿನ, ಜನ ನಿಂತು ನೋಡುತ್ತಿರುವಾಗ ನಿಮ್ಮ ಬಾಯಿಗೆ ಹೊಡೆದೆ. ಬರಿಗೈಯಿಂದಲ್ಲ. ಅದೇ ಪಕ್ಕಡವನ್ನು ತಿರುಗಿಸಿ ಹಿಡಿದು, ಅದರ ಉಕ್ಕಿನ ಮೂತಿಯಿಂದ ಹೊಡೆದೆ. ನಿಮ್ಮ ದವಡೆ ಮುರಿಯಿತು, ಅಂಗಡಿ ಮುಚ್ಚಿತು, ಹುಟ್ಟಿದ ಊರು ತಪ್ಪಿತು.

ಇಷ್ಟು ಬರೆಯುವುದಕ್ಕೆ ನನಗೆ ಒಂಬತ್ತು ವರ್ಷ ಬೇಕಾದವು. ಬರೆದು ನೋಡಿದರೆ ಹಾಳೆಯ ಕಾಲು ಭಾಗವೂ ತುಂಬಿಲ್ಲ. ಇಷ್ಟೇ ಇಷ್ಟನ್ನು ಹೇಳಲಾರದೆ ಈ ಒಂಬತ್ತು ವರ್ಷ ಯಾರ್ಯಾರ ಮೇಲೋ ಹರಿಹಾಯ್ದೆ, ಹೆಂಡತಿಯ ಮೇಲೆ ಕೈ ಎತ್ತಿದೆ, ಒಂದು ಸಲ ಬೈಕಿನ ಕನ್ನಡಿಯಲ್ಲಿ ನನ್ನ ಮುಖ ಕಂಡಿತೆಂದು ಕನ್ನಡಿಯನ್ನೇ ಗುದ್ದಿ ಒಡೆದೆ. ಕೈಗೆ ಮೂರು ಹೊಲಿಗೆ ಬಿದ್ದವು. ಮನೆಯಲ್ಲಿ ಬೈಕಿನಿಂದ ಬಿದ್ದೆ ಅಂದೆ.

ಈ ಕಾಗದವನ್ನು ಬಹುಶಃ ನಿಮ್ಮ ಮಗಳು ಓದಿ ಹೇಳುತ್ತಾಳೆ. ಅವಳಿಗೆ ನಾನು ಯಾರೆಂದು ಗೊತ್ತಿರಲಿ. ನನ್ನ ಹೆಸರು ಶಿವಾನಂದ. ಹಳಿಯಾಳದವನು, ವೈರಿಂಗ್ ಕೆಲಸದವನು. ಹದಿನೈದು ವರ್ಷ ತಂತಿ, ಸ್ವಿಚ್ಚು, ಹೋಲ್ಡರ್ ಎಲ್ಲವನ್ನೂ ನಿಮ್ಮ ಅಂಗಡಿಯಲ್ಲೇ ಕೊಂಡವನು. ನಿಮ್ಮ ಮನೆಯ ಹಿತ್ತಲಿನ ಪಂಪಿಗೆ ಕನೆಕ್ಷನ್ ಕೊಟ್ಟು, ಅಡಿಗೆಮನೆಯಲ್ಲಿ ಕೂತು ರೊಟ್ಟಿ ಉಂಡವನು. ತಂಗಿ, ಆಗ ನೀನೇ ಬಡಿಸಿದ್ದೆ.

ಸಿಟ್ಟು ಯಾವಾಗಲೂ ನನ್ನ ಮೂಗಿನ ತುದಿಯಲ್ಲೇ. ಕೆಲಸ ಕಲಿತದ್ದೂ ಏಟು ತಿಂದೇ. ದಾಂಡೇಲಿಯಲ್ಲಿ ನನಗೆ ಕಲಿಸಿದ ಉಸ್ತಾದ, ತಂತಿ ಹಿಡಿಯುವಾಗ ಬೆರಳು ಮುಂದೆ ಸರಿದು ಉಕ್ಕಿಗೆ ತಾಗಿದರೆ ಗೆಣ್ಣಿನ ಮೇಲೆ ಕುಟ್ಟುತ್ತಿದ್ದ. ಮಾತಿಲ್ಲ, ಬೈಗುಳವಿಲ್ಲ, ನೇರ ಏಟು. ಇವತ್ತಿಗೂ ನನ್ನ ಬೆರಳು ಉಕ್ಕಿನ ಹತ್ತಿರ ಹೋಗುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಹಿಡಿಗೂ ಉಕ್ಕಿಗೂ ನಡುವೆ ಏನಿರುತ್ತದೆ, ಏನಿರಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಗೊತ್ತಿತ್ತು. ಈ ತಾಲೂಕಿನಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಕಡಿಮೆ.

ರಿಯಾಜ ನನಗಿಂತ ಎಂಟು ವರ್ಷ ಚಿಕ್ಕವನು. ದಾಂಡೇಲಿಯವನು, ಮಿಲ್ಲಿನಲ್ಲಿ ದುಡಿದವರ ಮಗ. ಮೊದಲು ನನ್ನ ಕೈಕೆಳಗೆ ಸೇರಿದ, ಆಮೇಲೆ ಪಾಲುದಾರನಾದ. ನನ್ನನ್ನು ಶಿವಾ ಭಾಯ್ ಎನ್ನುತ್ತಿದ್ದ. ಅವನ ಕೆಲಸ ನನ್ನದಕ್ಕಿಂತ ಅಚ್ಚುಕಟ್ಟು. ಇದನ್ನು ನಾನು ಅವನ ಎದುರಿಗೆ ಒಮ್ಮೆಯೂ ಅಂದಿಲ್ಲ.

ಅವನು ಆ ಪಕ್ಕಡ ಕೊಂಡ ದಿನ ನಾನೂ ನಿಮ್ಮ ಅಂಗಡಿಯಲ್ಲಿದ್ದೆ. ನಿಮಗೆ ನೆನಪಿರಬೇಕು. ನೀವು ಗಿರಾಕಿಗೆ ಸಾಮಾನು ಕೈಗೆ ಕೊಟ್ಟು ಕಳಿಸುವವರಲ್ಲ, ಪಾಠ ಮಾಡುವವರು. ಗಲ್ಲೆಯ ಮುಂದೆ ಮೂರು ಪಕ್ಕಡ ಇಟ್ಟಿರಿ. ಮೂರಕ್ಕೂ ಕೆಂಪು ಹಿಡಿ.

"ಯಾತಕ್ಕ ಬೇಕು, ಮೊದ್ಲ ಅದನ್ನ ಹೇಳು" ಅಂದಿರಿ. "ತಂತಿ ತಿರವಾಕೋ, ಕರೆಂಟ್ ಇದ್ದಲ್ಲೆ ಕೈ ಹಾಕಾಕೋ?"

"ಎರಡಕ್ಕೂ ಕಾಕಾ" ಅಂದ ರಿಯಾಜ.

"ಕೆಂಪ ರಬ್ಬರ್ ಇದ್ದದ್ದೆಲ್ಲಾ ಕರೆಂಟ್ ತಡ್ಯಾಂಗಿಲ್ಲ. ಇವೆರಡಕ್ಕ ಹಾಕಿದ್ದು ಬರೇ ಕೈಗೆ ಮೆತ್ತಗಿರಲಿ ಅಂತ. ತಡಿಯೂದು ಇದೊಂದ."

ಮೂರನೆಯದರ ಉಕ್ಕಿನ ಮೇಲೂ ಹಿಡಿಯ ಮೇಲೂ ಸಾವಿರ ವೋಲ್ಟಿನ ಗುರುತು ಇತ್ತು. ಬೆರಳು ಮುಂದೆ ಜಾರದಂತೆ ಹಿಡಿಯ ತುದಿಯಲ್ಲಿ ಎತ್ತರದ ಅಂಚು ಇತ್ತು. ಮೇಲೆ ಕೆಂಪು, ಒಳಗೆ ಹಳದಿ. ಕೆಂಪು ಸವೆದು ಹಳದಿ ಕಂಡ ದಿನ ಅದನ್ನು ಎಸೆದುಬಿಡು, ಇದಕ್ಕೆ ರಿಪೇರಿ ಅನ್ನುವುದಿಲ್ಲ ಎಂದು ನೀವು ಅವನಿಗೆ ಎರಡು ಸಲ ಹೇಳಿದಿರಿ. ನಾನು ನಡುವೆ ಬಾಯಿ ಹಾಕಿ, "ಏನ್ ಕಾಕಾ, ಹೆಣ್ಣ ತೋರಸಾಕತ್ತೀರೇನು?" ಎಂದು ನಗೆಯಾಡಿದೆ. ನೀವೂ ನಕ್ಕಿರಿ. ಆದರೆ ಮಾತು ಬಿಡಲಿಲ್ಲ.

"ಇದು ಐತಿ ಅಂತ ಕರೆಂಟ್ ಇದ್ದಾಗ ಕೆಲಸ ಮಾಡಬ್ಯಾಡ ತಮ್ಮಾ. ಮೇನ್ ತೆಗಿ, ಟೆಸ್ಟರ್ ಹಚ್ಚಿ ನೋಡು, ಆಮ್ಯಾಲ ಕೈ ಹಾಕು. ಇದು ನೀ ಮರತ ದಿನಕ್ಕ ಇರಲಿ."

ರಿಯಾಜ ಆ ಪಕ್ಕಡವನ್ನು ಕಣ್ಣಿಗೆ ಒತ್ತಿಕೊಂಡು ಚೀಲಕ್ಕೆ ಹಾಕಿದ. ಅವತ್ತಿನಿಂದ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ — ನನಗೂ. ಸಂಜೆ ಬಟ್ಟೆಯಿಂದ ಒರೆಸುವನು. ಮೊಳೆ ಹೊಡೆಯಲು ನಾನು ಕೇಳಿದರೆ ಸುತ್ತಿಗೆ ತಂದು ಕೊಡುವನು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಲಸ ಕಲಿಸಿದವನು ನಾನು, ಒಂದು ಪಕ್ಕಡ ಕೊಡಲು ಇವನಿಗೇನು ಧಾಡಿ?

ಅವನು ನೆಂಟರ ಮದುವೆಗೆಂದು ನಾಲ್ಕು ದಿನ ರಜೆ ಹಾಕಿದಾಗ ಸಾಮಾನಿನ ಚೀಲ ನನ್ನ ಮನೆಯಲ್ಲಿತ್ತು. ಆ ವಾರ ಜೋಯಿಡಾ ಕಡೆಯ ರಾಮನಗರದ ಒಂದು ಗೋದಾಮಿನಲ್ಲಿ ನನಗೆ ಮೋಟರಿನ ಕೆಲಸ. ಅವನ ಪಕ್ಕಡವನ್ನು ಬೇಕೆಂದೇ ಎತ್ತಿಕೊಂಡು ಹೋದೆ. ಬೇಕೆಂದೇ — ನನ್ನದು ನನ್ನ ಚೀಲದಲ್ಲೇ ಇತ್ತು.

ಮೋಟರಿನ ಒಂದು ಬೋಲ್ಟು ತುಕ್ಕು ಹಿಡಿದು ಕದಲಲಿಲ್ಲ. ಬ್ಲೋ ಲ್ಯಾಂಪ್ ಹಚ್ಚಿ ಕಾಯಿಸಿದೆ. ಕಾದ ಬೋಲ್ಟನ್ನು ಆ ಪಕ್ಕಡದಿಂದ ಹಿಡಿದು ತಿರುವಿದೆ, ಮತ್ತೆ ಕಾಯಿಸಿದೆ, ಮತ್ತೆ ತಿರುವಿದೆ. ಬೋಲ್ಟು ಬರಲಿಲ್ಲ. ಸಿಟ್ಟು ನೆತ್ತಿಗೇರಿತು. ಬೆಂಕಿಯನ್ನು ಪಕ್ಕಡ ಹಿಡಿದಂತೆಯೇ ಅದರ ಮೇಲೆ ಬಿಟ್ಟೆ, ಬೋಲ್ಟಿಗೆ ಬೈಯುತ್ತ ಸುತ್ತಿಗೆಯಿಂದ ಹಿಡಿಯ ಮೇಲೆ ಬಡಿದೆ. ಬೋಲ್ಟು ಬಂತು. ಆಗ ನೋಡಿದರೆ ಹಿಡಿಯ ಕೆಂಪು ಗುಳ್ಳೆ ಎದ್ದು ಸುಟ್ಟಿತ್ತು, ಹಳದಿಯೂ ಕರಗಿತ್ತು, ಒಂದು ಕಡೆ ಬರೀ ಉಕ್ಕು ಕಾಣುತ್ತಿತ್ತು.

ಆ ಕ್ಷಣ ನನಗಾದದ್ದು ಖುಷಿ ಕಾಕಾ. ಮುಚ್ಚಿಡುವುದಿಲ್ಲ. ಒಂದು ಗಳಿಗೆ — ಇವನ ಜಂಬ ಇಳಿಯಿತು ಎಂಬ ಖುಷಿ. ಭಯ ಅದರ ಹಿಂದೆ ಬಂತು. ನಿನ್ನ ಪಕ್ಕಡ ಸುಟ್ಟೆ ಎಂದು ನನಗಿಂತ ಚಿಕ್ಕವನ ಮುಂದೆ ನಿಂತು ಹೇಳಬೇಕಲ್ಲ ಎಂಬ ಭಯ.

ನಮ್ಮ ಕಡೆಯ ರೂಢಿ ನಿಮಗೆ ಗೊತ್ತೇ ಇದೆ. ಪಕ್ಕಡದ ಹಿಡಿ ಸವೆದರೆ ಬಿಡಿ ರಬ್ಬರ್ ಜೋಡಿ ತಂದು, ಕುದಿಯುವ ನೀರಿನಲ್ಲಿ ಅದ್ದಿ, ಮೆತ್ತಗಾದ ಕೂಡಲೇ ಒತ್ತಿ ಏರಿಸುವುದು. ಸೈಕಲ್ ಅಂಗಡಿಯಲ್ಲೂ ಅದು ಸಿಗುತ್ತದೆ. ದಾಂಡೇಲಿ, ಜೋಯಿಡಾ, ಮುಂಡಗೋಡ — ಎಲ್ಲ ಕಡೆಯ ಕೆಲಸಗಾರರೂ ಮಾಡುತ್ತಾರೆ, ಚಪ್ಪಲಿಗೆ ಹೊಸ ಪಟ್ಟಿ ಹೊಲಿಸಿದಷ್ಟೇ ಸಲೀಸಾಗಿ. ಸಾದಾ ಪಕ್ಕಡಕ್ಕೆ ಅದರಿಂದ ಏನೂ ಕೆಡುವುದಿಲ್ಲ, ಅದನ್ನು ನಂಬಿ ಯಾರೂ ಕರೆಂಟಿಗೆ ಕೈ ಹಾಕುವುದಿಲ್ಲ. ಆದರೆ ಸಾವಿರ ವೋಲ್ಟು ಎಂದು ಉಕ್ಕಿನ ಮೇಲೆ ಕೊರೆದ ಪಕ್ಕಡಕ್ಕೆ ಆ ರಬ್ಬರ್ ಹಾಕುವುದೆಂದರೆ ಬೇರೆಯೇ ಮಾತು. ನೋಡಿದವನು ಉಕ್ಕಿನ ಮೇಲಿನ ಗುರುತನ್ನು ನಂಬುತ್ತಾನೆ.

ಚಹಾದ ಪಾತೆಲಿಯಲ್ಲಿ ನೀರು ಕುದಿಸಿ, ಸುಟ್ಟ ಹಿಡಿ ಕಿತ್ತು ಅದೇ ರಬ್ಬರ್ ಏರಿಸಿದೆ. ಹೊಸದು ಎಂದು ತಿಳಿಯಬಾರದೆಂದು ಗ್ರೀಸ್ ಸವರಿ, ಮಣ್ಣಲ್ಲಿ ಉಜ್ಜಿ, ಚೀಲಕ್ಕೆ ಹಾಕಿಟ್ಟೆ.

ರಿಯಾಜ ಮೊದಲ ನೋಟಕ್ಕೇ ಹಿಡಿದ. "ಈ ಅಂಚು ಎಲ್ಲಿ ಹೋತು ಶಿವಾ ಭಾಯ್?"

ಆಗ ಹೇಳಬಹುದಿತ್ತು. ಒಂದು ಮಾತು — ಸುಟ್ಟೆ, ತಪ್ಪಾಯಿತು, ಹೊಸದು ಕೊಡಿಸುತ್ತೇನೆ. ಬದಲಿಗೆ ನನ್ನ ಬಾಯಿಂದ ಬಂದದ್ದು ಇದು:

"ರಬ್ಬರ್ ಸಡ್ಲ ಆಗಿತ್ತು. ಚನ್ನಬಸಪ್ಪ ಕಾಕಾನ ಕಡೆ ಒಯ್ದು ಹೊಸಾದು ಹಾಕ್ಸೇನಿ. ಕಂಪನೀದ ಐತಿ."

"ಇದಕ್ಕ ರಿಪೇರಿ ಇಲ್ಲ ಅಂದಿದ್ರಲ್ಲ ಕಾಕಾ?"

"ಈಗ ಬಂದೈತಂತ. ಯಾಕ, ಕಾಕಾನ ಮ್ಯಾಲ ನಂಬಿಗಿ ಇಲ್ಲೇನು ನಿನಗ?"

ಅವನು ಪಕ್ಕಡವನ್ನು ಮತ್ತೆ ಚೀಲಕ್ಕೆ ಹಾಕಿದ. ನನ್ನನ್ನು ನಂಬಿ ಅಲ್ಲ, ನಿಮ್ಮನ್ನು ನಂಬಿ. ನಿಮ್ಮ ಹೆಸರು ಹೇಳಿದರೆ ಅವನು ಎರಡನೆಯ ಪ್ರಶ್ನೆ ಕೇಳುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ್ದೆ. ನಿಮಗೆ ನಾನು ಕೊಟ್ಟ ಮೊದಲ ಏಟು ಅದು. ಪೇಟೆಯಲ್ಲಿ ಕೊಟ್ಟದ್ದು ಎರಡನೆಯದು.

ಇದಾಗಿ ಒಂದು ತಿಂಗಳು ಕಳೆದಿರಬೇಕು. ಕೋಗಿಲಬನದ ಹತ್ತಿರ, ಕಾಳಿ ನದಿಯ ದಂಡೆಯಲ್ಲಿ, ಪ್ರವಾಸಿಗರಿಗೆ ಕೋಣೆ ಕೊಡುವ ಒಂದು ಮನೆ. ಮಧ್ಯಾಹ್ನ ಅಲ್ಲಿಂದ ಫೋನು ಬಂತು — ಮೇನ್ ಬೋರ್ಡಿನಲ್ಲಿ ಕಿಡಿ ಬರುತ್ತಿದೆ, ಸುಟ್ಟ ವಾಸನೆ. ಹೋಗಿ ನೋಡಿದರೆ ಬೋರ್ಡು ಅಡಿಗೆಮನೆಯ ಹಿಂದಿನ ಗೋಡೆಯಲ್ಲಿ. ನೆಲ ಹಸಿ, ಪಾತ್ರೆ ತೊಳೆದ ನೀರು. ಒಳಗೆ ಒಂದು ದಪ್ಪ ತಂತಿ ಸಡಿಲಾಗಿ ಕಾದು ಕಪ್ಪಾಗಿತ್ತು. ಮನೆಯ ಮಾಲೀಕರು, ಅತಿಥಿಗಳು ಸ್ನಾನ ಮಾಡುತ್ತಿದ್ದಾರೆ, ಕರೆಂಟು ತೆಗೆಯದೆ ಮಾಡಿಕೊಡಿ ಎಂದರು.

ಬೆಳಿಗ್ಗೆ ಬೇರೊಂದು ಮನೆಯಲ್ಲಿ ಒಬ್ಬ ಗಿರಾಕಿ, ಇನ್ನು ಮುಂದೆ ರಿಯಾಜನನ್ನೇ ಕಳಿಸಿರಿ ಎಂದು ನನ್ನ ಮುಖಕ್ಕೇ ಹೇಳಿದ್ದರು. ದಾರಿಯುದ್ದಕ್ಕೂ ನಾನು ಹಲ್ಲು ಕಚ್ಚಿಕೊಂಡೇ ಇದ್ದೆ.

"ಮೇನ್ ತೆಗೀರಿ ಶಿವಾ ಭಾಯ್" ಅಂದ ರಿಯಾಜ. "ನೆಲಾ ಹಸೀ ಐತಿ."

ನಾನು ಅಂದದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ. "ಸಾವಿರ ವೋಲ್ಟಿನ ಪಕ್ಕಡ ಹಿಡ್ಕೊಂಡು ಅಂಜತಿಯಲ್ಲೋ. ಐದ ಮಿನಿಟಿನ ಕೆಲಸ. ಹಾಕು ಕೈ."

ಆ ಪಕ್ಕಡದ ಹಿಡಿ ಏನೆಂದು ಗೊತ್ತಿದ್ದವನು ಆ ಜಾಗದಲ್ಲಿ ನಾನೊಬ್ಬನೇ. ಹಾಗಾದರೆ ಅವನಿಗೆ ಹೀಗಾಗಲೆಂದು ನಾನು ಬಯಸಿದ್ದೆನೆ? ಇಲ್ಲ ಎಂದು ಒಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೌದು ಎಂದು ಹೇಳುವ ಧೈರ್ಯ ಇಲ್ಲ. ಇಲ್ಲ ಎಂದು ಆಣೆ ಮಾಡುವ ಧೈರ್ಯವೂ ಇಲ್ಲ. ಅವನು ಅಂಜುವುದನ್ನು ನೋಡಬೇಕು, ಅಷ್ಟಂತೂ ಬಯಸಿದ್ದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಎಡಗೈಯಿಂದ ಬೋರ್ಡಿನ ಕಬ್ಬಿಣದ ಪೆಟ್ಟಿಗೆ ಹಿಡಿದು, ಬಲಗೈಯ ಪಕ್ಕಡದ ಬಾಯಿಯನ್ನು ತಂತಿಗೆ ಹಚ್ಚಿ ತಿರುವಿದ. ತಂತಿ ಬಿಗಿ ಇತ್ತು, ಬಲ ಹಾಕಿದ. ತಡೆಯಲು ಅಂಚಿಲ್ಲದ ಹಿಡಿಯ ಮೇಲೆ ಬೆವರಿದ ಕೈ ಜಾರಿ ಮುಂದೆ ಹೋಗಿ ಉಕ್ಕಿಗೆ ಕೂತಿತು.

ಕೂಗಲಿಲ್ಲ. ಕೂಗಲು ಆಗುವುದಿಲ್ಲ ಕಾಕಾ, ಎದೆ ಬಿಗಿದು ಹೋಗುತ್ತದೆ. ಗಂಟಲಿನಿಂದ ಒಂದು ಗೊರಗೊರ ಸದ್ದು ಬಂತು. ಇಡೀ ಮೈ ಜಗ್ಗುತ್ತಿತ್ತು, ತಲೆ ಪೆಟ್ಟಿಗೆಗೆ ಬಡಿಯುತ್ತಿತ್ತು, ಹಲ್ಲಿನ ಸಂದಿಯಿಂದ ರಕ್ತ. ಮುಷ್ಟಿ ಮಾತ್ರ ಬಿಡಲಿಲ್ಲ, ಕರೆಂಟು ಅದನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಸಿತ್ತು. ಬೆರಳಿನಿಂದ ಹೊಗೆ ಎದ್ದಿತು. ಮೇನ್ ಸ್ವಿಚ್ಚು ಅವನ ಎದೆಯ ಮರೆಯಲ್ಲಿತ್ತು, ಅವನನ್ನು ಮುಟ್ಟದೆ ಕೈಗೆ ಎಟುಕುವಂತಿರಲಿಲ್ಲ.

ಬಾಗಿಲಿಗೆ ಅಡ್ಡ ಇಡುವ ಒಣಕಟ್ಟಿಗೆಯ ತುಂಡು ಮೂಲೆಯಲ್ಲಿತ್ತು. ಎತ್ತಿಕೊಂಡು ಅವನ ಮೊಣಕೈಗೆ ಹೊಡೆದೆ. ಬಿಡಲಿಲ್ಲ. ಮತ್ತೆ ಹೊಡೆದೆ. ಮೂರನೆಯ ಏಟಿಗೆ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು, ಕೈ ಕಳಚಿತು, ಅವನು ಆ ನೀರಿನಲ್ಲಿ ಬಿದ್ದ. ಎದೆ ಒತ್ತಿದೆ, ಕೆನ್ನೆಗೆ ಬಾರಿಸಿದೆ, ಹೆಸರು ಹಿಡಿದು ಕರೆದೆ. ಉಸಿರು ಬಂತು.

ಜನ ಆಮೇಲೆ, ಶಿವಾನಂದ ಸಮಯಪ್ರಜ್ಞೆಯಿಂದ ಜೀವ ಉಳಿಸಿದ ಅಂದರು. ನಾನು ಆ ಮಾತನ್ನು ತಲೆ ತಗ್ಗಿಸಿ ಕೇಳಿಸಿಕೊಂಡೆ. ತಲೆ ತಗ್ಗಿಸಿದ್ದನ್ನು ವಿನಯ ಎಂದುಕೊಂಡರು.

ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವಾಗ ಗಾಡಿಯಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಕೈಗೆ ಒದ್ದೆ ಬಟ್ಟೆ ಸುತ್ತಿದ್ದೆ. ಕಣ್ಣು ಬಿಟ್ಟವನು ಒಂದೇ ಮಾತು ಕೇಳಿದ.

"ಕಾಕಾ ಹಿಂಗ್ಯಾಕ ಮಾಡಿದ್ರು ಶಿವಾ ಭಾಯ್?"

ಕೈ ಸುಟ್ಟ ಮನುಷ್ಯ ಹೀಗೆ ಕೇಳುವಾಗಲೂ ಹೇಳದವನು ಇನ್ನು ಯಾವಾಗ ಹೇಳುತ್ತಾನೆ? "ಅವನ್ನ ನಾ ನೋಡ್ಕೋತೇನಿ, ನೀ ಮಕ್ಕೊ" ಅಂದೆ. ಅಂದ ಮೇಲೆ ನೋಡಿಕೊಳ್ಳಲೇಬೇಕಾಯಿತು.

ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ತೆಗೆದರು. ಮುರಿದ ಮೊಣಕೈ ಪೂರ್ತಿ ಮಡಚಲು ಇವತ್ತಿಗೂ ಬರುವುದಿಲ್ಲ. ಅದು ನನ್ನ ಏಟಿನದು.

ಮೂರನೆಯ ದಿನ ಸಂತೆ. ರಿಯಾಜನ ಅಣ್ಣ, ಅವನ ಗೆಳೆಯರು, ನಮ್ಮ ಕೆಲಸದವರು — ಏಳೆಂಟು ಜನ ದಾಂಡೇಲಿಯಿಂದ ಬಂದರು. ಮುಂದೆ ನಾನು. ದಾರಿಯಲ್ಲಿ ರಿಯಾಜನ ಅಣ್ಣ, ಮೊದಲು ಕೇಳಿ ನೋಡೋಣ, ವಯಸ್ಸಾದವರು ಎಂದ. ಕೇಳುವುದೇನಿದೆ ಎಂದು ಅವನ ಮೇಲೇ ರೇಗಿದೆ. ನೀವು ಬಾಯಿ ಬಿಟ್ಟರೆ ಮುಗಿಯಿತು ಎಂದು ನನಗೆ ಗೊತ್ತಿತ್ತಲ್ಲ.

ಆದರೂ ಅವನು ನಿಮ್ಮ ಕೈಗೆ ಪಕ್ಕಡ ಕೊಟ್ಟೇ ಬಿಟ್ಟ. ನೀವು ಹೆದರಲಿಲ್ಲ. ಕನ್ನಡಕ ಹಾಕಿಕೊಂಡಿರಿ. ಹೆಬ್ಬೆರಳಿನ ಉಗುರಿನಿಂದ ಹಿಡಿಯನ್ನು ಒತ್ತಿದಿರಿ, ತುದಿಯನ್ನು ಸ್ವಲ್ಪ ಮಡಚಿ ಒಳಗೆ ನೋಡಿದಿರಿ. ನಿಮಗೆ ಅಷ್ಟು ಸಾಕಾಯಿತು.

"ಈ ಹಿಡಿ ನಾ ಹಾಕಿದ್ದಲ್ಲ ತಮ್ಮಾ. ಇದನ್ನ ಬಿಸಿನೀರಾಗ ಅದ್ದಿ ಏರಿಸ್ಯಾರ. ಯಾರು ಇದನ್ನ—"

ಹೇಳುತ್ತ ನನ್ನ ಕಡೆ ತಿರುಗಿದಿರಿ. ನಿಮ್ಮ ಕಣ್ಣಲ್ಲಿ ಸಿಟ್ಟಿರಲಿಲ್ಲ. ತಿಳಿದುಬಿಟ್ಟಿತ್ತು, ಅಷ್ಟೇ. ನಿಮ್ಮ ಕೈಯಿಂದ ಪಕ್ಕಡ ಕಿತ್ತುಕೊಂಡು ನಿಮ್ಮ ಬಾಯಿಗೆ ಹೊಡೆದೆ.

ಮಾತು ನಿಲ್ಲಿಸಲೆಂದೇ ಬಾಯಿಗೆ ಹೊಡೆದೆ ಕಾಕಾ. ಸಿಟ್ಟಿನಲ್ಲಿ ಕೈ ಎಲ್ಲೋ ಬಿತ್ತು ಎಂದು ಆಮೇಲೆ ಹೇಳಿಕೊಂಡದ್ದು ಸುಳ್ಳು. ಅವತ್ತು ನನಗೆ ಸಿಟ್ಟೇ ಬಂದಿರಲಿಲ್ಲ. ಜೀವನವಿಡೀ ಸಿಟ್ಟಿನಿಂದ ಕೈ ಮಾಡಿದವನು ಆ ಒಂದು ದಿನ ತಣ್ಣಗೆ, ಲೆಕ್ಕ ಹಾಕಿ ಹೊಡೆದೆ. ಎರಡು ಹಲ್ಲು ಗಲ್ಲೆಯ ಮೇಲೆ ಬಿದ್ದವು. ನೀವು ಎರಡೂ ಕೈಯಿಂದ ಬಾಯಿ ಹಿಡಿದುಕೊಂಡಿರಿ, ಬೆರಳಿನ ಸಂದಿಯಿಂದ ರಕ್ತ ಇಳಿದು ಬಿಳಿ ಅಂಗಿಯೆಲ್ಲ ತೊಯ್ದಿತು. ಏನೋ ಹೇಳಲು ಮತ್ತೆ ಬಾಯಿ ತೆರೆದಿರಿ. ಮತ್ತೆ ಹೊಡೆದೆ. ದವಡೆ ಹೋದದ್ದು ಎರಡನೆಯದಕ್ಕೆ.

"ಡೂಪ್ಲಿಕೇಟ್ ಮಾಲ್ ಹಾಕಿ ನನ್ನ ತಮ್ಮನ ಕೈ ತಿಂದಿಯಲ್ಲೋ" ಎಂದು ಕೂಗಿದೆ. ನನ್ನ ತಮ್ಮ ಅಂದೆ. ನಿಮ್ಮ ಮುಖಕ್ಕೇ ಏಕವಚನದಲ್ಲಿ ಕರೆದದ್ದು ಜೀವನದಲ್ಲಿ ಅದೊಂದೇ ಸಲ.

ಮಿಕ್ಕವರಿಗೆ ಅಷ್ಟು ಸಾಕಾಯಿತು. ಟ್ಯೂಬ್ ಲೈಟಿನ ಕಟ್ಟುಗಳನ್ನು ರಸ್ತೆಗೆ ಎಳೆದು ಕಾಲಿಂದ ತುಳಿದರು. ಫ್ಯಾನುಗಳನ್ನು ನೆಲಕ್ಕೆ ಬಡಿದರು, ಗಾಜಿನ ಕಪಾಟನ್ನು ಉರುಳಿಸಿದರು. ಕಾಯಿಪಲ್ಲೆ ಮಾರಲು ಬಂದ ಹೆಂಗಸರು ಬುಟ್ಟಿ ಬಿಟ್ಟು ಓಡಿದರು. ನಿಮ್ಮ ಪಕ್ಕದ ಅಂಗಡಿಯವರು ಬಾಗಿಲು ಹಾಕಿಕೊಂಡರು. ನೀವು ಗಲ್ಲೆಯ ಕೆಳಗೆ ಮುದುಡಿ ಕೂತಿದ್ದಿರಿ, ನಾನು ಮುಂದೆ ನಿಂತು ಯಾರೂ ನಿಮ್ಮ ಹತ್ತಿರ ಬರದಂತೆ ನೋಡಿಕೊಂಡೆ. ಕಾಪಾಡಲು ಅಲ್ಲ. ನೀವು ಯಾರಿಗೂ ಏನೂ ಹೇಳಬಾರದೆಂದು.

ಆ ಪಕ್ಕಡವನ್ನು ಅವತ್ತೇ ಸಂಜೆ ದಾಂಡೇಲಿಯ ಸೇತುವೆಯಿಂದ ಕಾಳಿ ನದಿಗೆ ಎಸೆದೆ.

ಹಿರಿಯರು ಕೂತು ರಾಜಿ ಮಾಡಿಸಿದ ದಿನ ನಿಮ್ಮ ದವಡೆಗೆ ತಂತಿ ಕಟ್ಟಿದ್ದರು, ಮಾತು ಬರುತ್ತಿರಲಿಲ್ಲ. ಒಂದು ಚೀಟಿಯಲ್ಲಿ "ಹಿಡಿ ನಾನು ಹಾಕಿದ್ದಲ್ಲ" ಎಂದು ಬರೆದು ಮುಂದೆ ಸರಿಸಿದಿರಿ. ಚೀಟಿ ಕೈಯಿಂದ ಕೈಗೆ ಬಂತು. ನಾನು ಓದಿ, "ಸಿಕ್ಕಬಿದ್ದವರು ಎಲ್ಲಾರೂ ಹಿಂಗ ಅಂತಾರ" ಅಂದೆ. ಎದುರಿಗೆ ರಿಯಾಜನ ಹೆಂಡತಿ ಆರು ತಿಂಗಳ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ನೀವು ಅವಳನ್ನು ನೋಡಿದಿರಿ, ಚೀಟಿ ವಾಪಸು ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿಕೊಂಡಿರಿ, ರಾಜಿಗೆ ಸಹಿ ಮಾಡಿದಿರಿ. ಯಾಕೆ ಮಾಡಿದಿರೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಗೊತ್ತಾಗಿಲ್ಲ.

ಆಮೇಲಿನದು ನನ್ನ ಸುಖದ ಕಾಲ. ಹೌದು, ಸುಖದ ಕಾಲ. ಜಾತಿ ನೋಡದೆ ಗೆಳೆಯನಿಗಾಗಿ ನಿಂತವನು ಎಂದು ಊರು ಹೊಗಳಿತು. ಕೆಲಸ ಹೆಚ್ಚಾಯಿತು. ರಿಯಾಜ ದಾಂಡೇಲಿಯಲ್ಲಿ ಚಹಾದ ಗಾಡಿ ಹಾಕಿದ, ಎಡಗೈಯಲ್ಲಿ ಸೋಸುವುದು ಕಲಿತ. ಪ್ರತಿ ಈದಿಗೂ ಅವನ ಮನೆಯಲ್ಲಿ ನನ್ನ ಊಟ. ಅವನ ಮಗಳು ನನ್ನನ್ನು ಚಾಚಾ ಎನ್ನುತ್ತಾಳೆ. ಅವರ ಮನೆಯಲ್ಲಿ ನಿಮ್ಮ ಹೆಸರನ್ನು ಬೈಗುಳವಾಗಿ ಬಳಸುತ್ತಿದ್ದರು, ಯಾವುದಾದರೂ ಸಾಮಾನು ಕೆಟ್ಟರೆ "ಚನ್ನಬಸಪ್ಪನ ಅಂಗಡೀದು" ಎನ್ನುವರು. ನಾನೂ ನಗುತ್ತಿದ್ದೆ.

ಹೋದ ತಿಂಗಳು ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಒಂದು ಮನೆಯ ವೈರಿಂಗ್ ಹಿಡಿದಿದ್ದೆ. ಮೊಳೆ ಬೇಕಾಗಿ ಹೊರಗಿನ ರಸ್ತೆಯ ಅಂಗಡಿಯೊಂದಕ್ಕೆ ಬಂದೆ. ಗೋವಿನಜೋಳದ ಚೀಲಗಳ ನಡುವೆ ಒಬ್ಬ ಮುದುಕರು ಕೂತಿದ್ದರು, ಮುಖ ಒಂದು ಕಡೆ ವಾಲಿತ್ತು. ನನಗೆ ಗುರುತು ಸಿಗಲಿಲ್ಲ. ನಿಮಗೆ ಸಿಕ್ಕಿತು. ನಾನು ಮೊಳೆ ಕೇಳಲು ಒಂದು ಹೆಜ್ಜೆ ಮುಂದೆ ಬಂದೆ — ನೀವು ಸರ್ರನೆ ಹಿಂದೆ ಸರಿದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿರಿ.

ಮೊಳೆ ಕೇಳಲಿಲ್ಲ. ಓಡಿದೆ. ಕೆಲಸ ಅರ್ಧಕ್ಕೆ ಬಿಟ್ಟು ಬಂದೆ. ಹೊಡೆದ ದಿನ ನಿಮ್ಮ ರಕ್ತ ನೋಡಿ ಏನೂ ಅನಿಸದವನಿಗೆ ಒಂಬತ್ತು ವರ್ಷದ ಮೇಲೆ ಆ ಮುಚ್ಚಿದ ಕೈಗಳನ್ನು ನೋಡಿ ನನ್ನ ಮೇಲೇ ಹೇಸಿಗೆಯಾಯಿತು.

ಮೊನ್ನೆ ರಿಯಾಜನಿಗೆ ಹೇಳಿದೆ. ಗಾಡಿಯ ಹತ್ತಿರ ಗಿರಾಕಿಗಳಿಲ್ಲದ ಹೊತ್ತು ನೋಡಿ, ರಾಮನಗರದಿಂದ ಹಿಡಿದು ಎಲ್ಲ. ಅವನು ಪೂರ್ತಿ ಕೇಳಿದ. ಮುಗಿದ ಮೇಲೆ ಸ್ಟೋವಿನ ಮೇಲಿದ್ದ ಚಹಾವನ್ನು ಪಾತೆಲಿ ಸಮೇತ ಎಡಗೈಯಿಂದ ಎತ್ತಿ ನನ್ನ ಮೇಲೆ ಬೀಸಿದ. ಕುತ್ತಿಗೆ, ಹೆಗಲು ಸುಟ್ಟವು. ನಾನು ಅಲ್ಲೇ ನಿಂತೆ. ಮೂರು ಬೆರಳಿಲ್ಲದ ಬಲಗೈಯಿಂದ ಕೆನ್ನೆಗೆ ಹೊಡೆದ — ಆ ಕೈ ಸರಿಯಾಗಿ ತಾಗಲಿಲ್ಲ, ಅದಕ್ಕೆ ಅವನಿಗೆ ಅಳು ಬಂತು. ಕೂತು ಅತ್ತ. ಆಮೇಲೆ ಮುಖ ಒರೆಸಿಕೊಂಡು ಹೇಳಿದ.

"ನನ್ನ ಕೈದು ಬಿಡು. ಒಂಬತ್ತು ವರ್ಷ, ಪ್ರತೀ ಶುಕ್ರವಾರ, ಆ ಮನಷ್ಯಾ ಹಾಳಾಗಲಿ ಅಂತ ಬೇಡೇನಿ ನಾನು. ಅದನ್ನ ಯಾರು ವಾಪಸ್ ತಗೋತಾರ?"

ಅವನ ಕೈಗೆ ನಾನು ಮಾಡಿದ್ದು ಗೊತ್ತಿತ್ತು, ನಿಮಗೆ ಮಾಡಿದ್ದು ಗೊತ್ತಿತ್ತು. ಒಳ್ಳೆಯ ಮನುಷ್ಯನೊಬ್ಬನ ಪ್ರಾರ್ಥನೆಯೊಳಗೂ ನಾನು ವಿಷ ಹಾಕಿದ್ದೆ ಎನ್ನುವುದು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ.

"ಶನಿವಾರ ಮುಂಡಗೋಡಕ್ಕ ಹೋಗ್ತೇನಿ" ಅಂದ. "ಅವರ ಕಾಲ ಹಿಡೀಬೇಕು ನಾನು. ನೀನೂ ಬಾ. ಆದ್ರ ನನ್ನ ಸಂಗಡ ಬರಬ್ಯಾಡ, ಬ್ಯಾರೆ ಬಸ್ಸಿಗೆ ಬಾ."

ನನ್ನನ್ನು ಅವನು ನೀನು ಅಂದದ್ದು ಅವತ್ತೇ ಮೊದಲು. ಭಾಯ್ ಎನ್ನಲಿಲ್ಲ. ಇನ್ನು ಅನ್ನಲಿಕ್ಕಿಲ್ಲ.

ಈ ಕಾಗದವನ್ನು ಅವನೇ ತರುತ್ತಾನೆ. ಅವನು ನಿಮ್ಮ ಕಾಲು ಹಿಡಿಯಲು ಬಗ್ಗಿದರೆ ದಯಮಾಡಿ ತಡೆಯಿರಿ ಕಾಕಾ, ಅವನು ಯಾವ ತಪ್ಪೂ ಮಾಡಿಲ್ಲ. ಕ್ಷಮಿಸಿ ಎಂದು ನಾನು ಕೇಳುತ್ತಿಲ್ಲ. ಕೇಳಿದರೆ ನೀವು ಹೂಂ ಎಂದುಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ಆಮೇಲೆ ನಾನು ಅದನ್ನೂ ಊರಲ್ಲಿ ಹೇಳಿಕೊಂಡು ತಿರುಗುತ್ತೇನೆ.

ಬರುವ ಸಂತೆಯ ದಿನ, ನಿಮ್ಮ ಅಂಗಡಿ ಇದ್ದ ಜಾಗದ ಮುಂದೆ ನಿಂತು, ಅವತ್ತು ಕೂಗಿದಷ್ಟೇ ಜೋರಾಗಿ ನಡೆದದ್ದನ್ನು ಹೇಳುತ್ತೇನೆ. ಅಲ್ಲಿಂದ ಪೊಲೀಸರ ಹತ್ತಿರ ಹೋಗಿ ಬರೆದುಕೊಡುತ್ತೇನೆ. ಜನ ಹೊಡೆದರೆ ಹೊಡೆಯಲಿ. ಇದಕ್ಕೆ ನಿಮ್ಮ ಒಪ್ಪಿಗೆಗಾಗಿ ಕಾಯುವುದಿಲ್ಲ.

ಶನಿವಾರ ನಾನೂ ಮುಂಡಗೋಡಕ್ಕೆ ಬರುತ್ತೇನೆ, ರಿಯಾಜನ ಹಿಂದಿನ ಬಸ್ಸಿಗೆ. ಆದರೆ ನಿಮ್ಮ ಮನೆಯ ಕಡೆ ಬರುವುದಿಲ್ಲ. ನನ್ನನ್ನು ಕಂಡರೆ ನಿಮಗೆ ಹೆದರಿಕೆಯಾಗುತ್ತದೆ ಎಂದು ಈಗ ನನಗೆ ಗೊತ್ತು. ಸಂಜೆಯ ಕೊನೆಯ ಬಸ್ಸಿನವರೆಗೂ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತೇನೆ. ನನ್ನ ಮುಖಕ್ಕೆ ಹೇಳಬೇಕಾದದ್ದು ಏನಾದರೂ ನಿಮಗಿದ್ದರೆ ಹೇಳಿಕಳಿಸಿರಿ. ನೀವು ಎಷ್ಟು ನಿಧಾನವಾಗಿ ಹೇಳಿದರೂ, ಆ ದವಡೆಯಿಂದ ಮಾತು ಎಷ್ಟು ಒಡೆದು ಬಂದರೂ, ಮುಗಿಯುವವರೆಗೆ ನಿಂತು ಕೇಳುತ್ತೇನೆ.